ಅಜ್ಜಿಯ ಹಾಡು, ಹಬ್ಬದ ಕ್ರಮ: ಫೋನೋ, ನೋಟ್‌ಬುಕ್ಕೋ, ಜೊತೆಗೆ ಕೂತು ಕಲಿಯುವುದೋ?

ಖರ್ಚಿನ ಚಿಂತೆ ಬೇಡ, ಮೂರಕ್ಕೂ ಹೆಚ್ಚೇನಿಲ್ಲ. ಏನನ್ನು ಉಳಿಸಬೇಕು ಎಂಬುದೇ ಮುಖ್ಯ.

ಆರತಿ ಹಾಡು, ದೇವರನಾಮಗಳ ಧಾಟಿ ಬೇಕಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಪದ ಬರೆದಿಟ್ಟರೆ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಮೊಮ್ಮಕ್ಕಳಿಗೆ ತಿಳಿಯದು. ಫ್ಯಾನ್ ಆರಿಸಿ, ಏರೋಪ್ಲೇನ್ ಮೋಡ್ ಹಾಕಿ, ಫೋನನ್ನು ಬಾಯಿಂದ ಒಂದು ಗೇಣು ದೂರವಿಡಿ. ಬಸ್ ಓಡಾಡುವ ರಸ್ತೆಯ ಮನೆಯಾದರೆ ನಸುಕಿನಲ್ಲೇ ಹಾಡಿಸಿ. ಒಂದು ಹಾಡಿಗೆ ಒಂದೇ ಫೈಲ್. ಹೆಸರಿನಲ್ಲಿ ಹಾಡು, ಹಬ್ಬ, ಹಾಡಿದವರು ಇರಲಿ. ರೆಕಾರ್ಡಿಂಗ್ ಗುಣಮಟ್ಟ 128 ಕೆಬಿಪಿಎಸ್ ಇಟ್ಟರೆ ನಿಮಿಷಕ್ಕೆ ಸುಮಾರು 1 ಎಂಬಿ ಜಾಗ, ಅಷ್ಟೇ. ಫೋನ್ ಕೆಟ್ಟರೆ ಎಲ್ಲವೂ ಹೋಗುತ್ತದೆ, ಆದ್ದರಿಂದ ಪೆನ್‌ಡ್ರೈವ್‌ಗೂ ಇನ್ನೊಬ್ಬರ ಫೋನಿಗೂ ಅಂದೇ ಹಾಕಿ.

ಅಳತೆ, ಕ್ರಮಗಳಿಗೆ ನೋಟ್‌ಬುಕ್ಕೇ ಮೇಲು. ಗೌರಿ ದಾರಕ್ಕೆ 16 ಗಂಟು, ಮೊರದ ಬಾಗಿನಕ್ಕೆ ಏನೇನು ಎಂಬುದನ್ನು ಹಬ್ಬದ ಗಡಿಬಿಡಿಯಲ್ಲಿ ಆಡಿಯೋ ತಡಕಾಡಿ ಹುಡುಕಲಾಗದು. ಅಜ್ಜಿ ‘ಒಂದು ಹಿಡಿ’ ಎಂದರೆ ಅವರದೇ ಕೈಯಲ್ಲಿ ಹಿಡಿಸಿ, ತೂಗಿ ಬರೆಯಿರಿ. ಜೆಲ್ ಪೆನ್ ಬೇಡ, ನೀರು ಬಿದ್ದರೆ ಹರಡುತ್ತದೆ.

ಶ್ರದ್ಧೆ ಮಾತ್ರ ಜೊತೆಗೆ ಮಾಡಿದರೇ ಬರುವುದು. ‘ಇದು ಯಾಕಜ್ಜಿ?’ ಎಂಬ ಪ್ರಶ್ನೆ ಹೂ ಕಟ್ಟುವಾಗಲೇ ಹುಟ್ಟುತ್ತದೆ, ಉತ್ತರವೂ ಆಗಲೇ ಸಿಗಬೇಕು. ಆದರೆ ವರ್ಷಕ್ಕೊಮ್ಮೆ ಬರುವ ಹಬ್ಬದ ಪಾಠ ಮರೆತುಹೋಗುತ್ತದೆ. ದಿನದ ದೀಪದ ಹೊತ್ತಿಗೆ ಎರಡೇ ಸಾಲು ಹೇಳಿಕೊಡಿ.

ಅಜ್ಜಿ ಊರಲ್ಲಿ, ಮಕ್ಕಳು ಬೆಂಗಳೂರಲ್ಲಿ ಇದ್ದರೆ ಫೋನಿನಿಂದ ಶುರುಮಾಡಿ. ಒಂದೇ ಮನೆಯಲ್ಲಿದ್ದರೆ ಜೊತೆಗೆ ಕೂರಿಸಿ. ಹಿರಿಯರಿಗೆ ಮರೆವು ಶುರುವಾಗಿದ್ದರೆ ಈ ಭಾನುವಾರವೇ ರೆಕಾರ್ಡ್ ಮಾಡಿ, ಬರೆಯುವುದು ಆಮೇಲಾದರೂ ಆಗುತ್ತದೆ.