ಚಿತ್ರ ಪುಕ್ಕಟೆ, ಪ್ರಿಂಟಿನದೇ ತಕರಾರು

ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಕ್ಲಾಸಿನ ಗೋಡೆಗೆ ಒಂದು ಒಳ್ಳೆಯ ಇಂಕ್ ಡ್ರಾಯಿಂಗ್ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಪೋಸ್ಟರ್‌ಗಳಲ್ಲಿ ಬರೀ ಜಲಪಾತ, ಸೂರ್ಯಾಸ್ತ. ಅದಕ್ಕೇ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನ ವೆಬ್‌ಸೈಟಿನಿಂದ ಹದಿನೇಳನೇ ಶತಮಾನದ ಕಲಾವಿದ ಕ್ಲೋಡ್ ಲೊರೇನ್ ಇಂಕಿನಲ್ಲಿ ಬರೆದ ಒಂದು ನಿಸರ್ಗ ಚಿತ್ರ ಇಳಿಸಿಕೊಂಡು ಇಲ್ಲೇ ಪ್ರಿಂಟ್ ಹಾಕಿಸಿದೆ.

ಇಳಿಸಿಕೊಳ್ಳುವುದು ಸಲೀಸು. ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಫೋಟೋಗಳನ್ನು ಅವರು 2017ರಿಂದ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ದುಡ್ಡಿಲ್ಲ, ಅನುಮತಿಯ ರಗಳೆ ಇಲ್ಲ. ಹುಡುಕುವಾಗ ‘ಓಪನ್ ಆಕ್ಸೆಸ್’ ಅನ್ನುವುದಕ್ಕೆ ಟಿಕ್ ಹಾಕಿದರೆ ಆಯಿತು. ನ್ಯೂಯಾರ್ಕಿನವರೆಗೆ ಹೋದರೂ ಇಂಥ ಚಿತ್ರ ಕಣ್ಣಿಗೆ ಬೀಳುತ್ತದೆ ಅನ್ನುವ ಖಾತ್ರಿಯಿಲ್ಲ ಬಿಡಿ. ಬೆಳಕಿಗೆ ಇಂಕೂ ಕಾಗದವೂ ಹಾಳಾಗುತ್ತವೆ ಅಂತ ಮ್ಯೂಸಿಯಂನವರು ಅವನ್ನು ಕತ್ತಲಲ್ಲೇ ಇಟ್ಟು, ಯಾವಾಗಲೋ ಕೆಲವು ತಿಂಗಳು ಹೊರಗೆ ತೂಗುಹಾಕುತ್ತಾರೆ.

ಫೈಲ್ ದೊಡ್ಡದು ಮಾಡಿ ನೋಡಿದರೆ ಖುಷಿಯಾಗುತ್ತದೆ. ಗರಿಯ ಪೆನ್ನು ಒತ್ತಿದ ಕಡೆ ಗೆರೆ ದಪ್ಪ, ಎತ್ತಿದ ಕಡೆ ಕೂದಲೆಳೆ. ಮುಂದಿನ ಮರದ ಎಲೆಗಳು ಸುಮ್ನೆ ಗೀಚಿದ ಹಾಗಿವೆ, ಒಂದೂ ಎಲೆಯ ಆಕಾರದಲ್ಲಿಲ್ಲ. ಆದರೂ ಮರವೇ! ಮೇಲೆ ಬ್ರಷ್‌ನಿಂದ ಕಂದು ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣ, ಕೊಟ್ಟಿದ್ದಾನೆ. ದೂರದ ಗುಡ್ಡಕ್ಕೆ ಬಂದಾಗ ಗೆರೆ ಮಾಸಿ, ಕಾಗದವೇ ಜಾಸ್ತಿ ಕಾಣುತ್ತದೆ. ಚಳಿಗಾಲದ ಬೆಳಗ್ಗೆ ನಮ್ಮ ಶಾಲೆಯ ಮಹಡಿ ಹತ್ತಿ ನಂದಿ ಬೆಟ್ಟದ ಕಡೆ ನೋಡಿದರೆ ಇದೇ ಪಾಠ. ನಮ್ಮ ಹುಡುಗರು ಮಾತ್ರ ಹಿಂದಿನ ಬೆಟ್ಟಕ್ಕೂ ಮುಂದಿನದಕ್ಕೂ ಒಂದೇ ಕಪ್ಪು ಗೆರೆ ಎಳೆಯುತ್ತಾರೆ. (ಕ್ಲೋಡ್‌ನನ್ನು ಫ್ರೆಂಚ್ ಕಲಾವಿದ ಅನ್ನುತ್ತೇವೆ, ಆದರೆ ಅವನು ಹೆಚ್ಚು ಕಾಲ ಬದುಕಿದ್ದು ರೋಮ್‌ನಲ್ಲಿ. 1682ರಲ್ಲಿ ತೀರಿಕೊಂಡದ್ದೂ ಅಲ್ಲೇ.)

ಇನ್ನು ಪ್ರಿಂಟ್. ಊರಿನ ಅಂಗಡಿಯೊಂದರಲ್ಲಿ ಎ3 ಹಾಕಿಸಿದೆ. ಬಂದದ್ದು ಹಾಲಿನಂಥ ಬಿಳಿ ಕಾಗದದ ಮೇಲೆ ಕಡುಕಪ್ಪು ಗೆರೆ. “ಹಳೇದಾಗಿತ್ತಲ್ಲ ಸಾರ್, ಕ್ಲೀನ್ ಮಾಡಿಕೊಟ್ಟಿದೀನಿ” ಅಂದ ಹುಡುಗ. ಪಾಪ, ಒಳ್ಳೆಯದಕ್ಕೇ ಮಾಡಿದ್ದ. ಆದರೆ ದೂರದ ಗುಡ್ಡ ಪೂರ್ತಿ ಮಾಯ! ಆ ಕಂದು ಬಣ್ಣ ಕೊಳೆಯಲ್ಲಪ್ಪ ಅಂತ ಹೇಳಬೇಕಾಯಿತು. ಆ ಕಾಲದಲ್ಲಿ ಯುರೋಪಿನವರು ಮಾಚಿಕಾಯಿಗೆ ಕಬ್ಬಿಣದ ಲವಣ ಸೇರಿಸಿ ಇಂಕ್ ಮಾಡುತ್ತಿದ್ದರು. ಅದೇ, ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ, ಮಕ್ಕಳಿಗೆ ತೇಯ್ದು ಕೊಡುವ ಮಾಚಿಕಾಯಿ. ಆ ಇಂಕ್ ಬರೆದಾಗ ಕಪ್ಪು, ವರ್ಷ ಕಳೆದಂತೆ ಕಂದಾಗುತ್ತದೆ. ಸೌದೆ ಒಲೆಯ ಮಸಿಯಿಂದ ಮಾಡಿದ ಇನ್ನೊಂದು ಇಂಕೂ ಇತ್ತು, ಅದು ಮೊದಲಿನಿಂದಲೇ ಕಂದು.

‘ಆಟೋ’ ತಿದ್ದುವಿಕೆ ಆಫ್ ಮಾಡಿಸಿ, ಹೊಳೆಯದ ಮ್ಯಾಟ್ ಕಾಗದ ಹಾಕಿಸಿದ ಮೇಲೆ ಎರಡನೆಯದು ಚೆನ್ನಾಗಿಯೇ ಬಂತು. ಗುಡ್ಡವೂ ವಾಪಸ್, ಕಾಗದದ ಹಳದಿಯೂ ವಾಪಸ್. ಎರಡಕ್ಕೂ ದುಡ್ಡು ತಗೊಂಡರು, ಅದೊಂದು ಬೇಜಾರು. ಲ್ಯಾಮಿನೇಷನ್ ಬೇಡ ಅಂದಿದ್ದಕ್ಕೆ ವಿಚಿತ್ರವಾಗಿ ನೋಡಿದರು. ಟ್ಯೂಬ್‌ಲೈಟ್ ಪ್ರತಿಫಲಿಸಿದರೆ ಹಿಂದಿನ ಬೆಂಚಿಗೆ ಏನು ಕಾಣುತ್ತದೆ ಹೇಳಿ?

ಮ್ಯೂಸಿಯಂ ಸೇವೆಗೆ ಐದಕ್ಕೆ ಐದು. ಅಂಗಡಿಗೆ ಮೂರು. ನೀವೂ ಹಾಕಿಸುವುದಾದರೆ ಮೊದಲು ಚಿತ್ರದ ಮಸುಕಾದ ಮೂಲೆಯನ್ನಷ್ಟೇ ಅಂಗೈಯಗಲ ಪ್ರಿಂಟ್ ತೆಗೆಸಿ, ಮೊಬೈಲ್ ಪಕ್ಕ ಹಿಡಿದು ನೋಡಿ. ಆಮೇಲೆ ಎ3 ಹೇಳಿ.