ಗೋಡೆಯ ಮೇಲಿನ ಮಾನ್ಯತಾ ಪತ್ರ ನೀವು ಸೇರುವ ವಿಭಾಗದ್ದೇ? ಹಣ ಕಟ್ಟುವ ಮೊದಲು ನೋಡಿಕೊಳ್ಳಿ

ಎಂಜಿನಿಯರಿಂಗ್, ಬಿಸಿಎ ಅಥವಾ ಬಿಬಿಎ ಸೀಟಿಗಾಗಿ ಕಾಲೇಜು ಹುಡುಕುತ್ತಿರುವ ವಿದ್ಯಾರ್ಥಿಗಳೂ ಪೋಷಕರೂ ಹಣ ಕಟ್ಟುವ ಮೊದಲು ಇದನ್ನು ದಯವಿಟ್ಟು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಾಲೇಜಿನ ಹೆಸರಿನಲ್ಲಿದ್ದ ಮಾನ್ಯತೆಯನ್ನು ತೋರಿಸಿ, ಆ ಮಾನ್ಯತೆಗೆ ಯಾವ ಸಂಬಂಧವೂ ಇಲ್ಲದ ವಿಭಾಗಕ್ಕೆ ನನ್ನ ತಮ್ಮನನ್ನು ಸೇರಿಸಿಕೊಂಡರು. ಇಂಥದೇ ಮಾತುಗಳನ್ನು ಈಗಲೂ ಬೇರೆ ಬೇರೆ ಕಾಲೇಜುಗಳಲ್ಲಿ ಪೋಷಕರಿಗೆ ಹೇಳಲಾಗುತ್ತಿದೆ ಎಂದು ಪರಿಚಯದವರಿಂದ ಕೇಳಿ ತಿಳಿದ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ.

2021ರಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ತಮ್ಮನಿಗೆ ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಬಯಸಿದ ವಿಭಾಗ ಸಿಗುವಂತಿರಲಿಲ್ಲ. ಹಾಗಾಗಿ ಬೆಂಗಳೂರಿನ ಹೊರವಲಯದ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಡಿ ಎಐ–ಎಂಎಲ್ (ಕೃತಕ ಬುದ್ಧಿಮತ್ತೆ ಮತ್ತು ಮಷೀನ್ ಲರ್ನಿಂಗ್) ವಿಭಾಗದ ಸೀಟನ್ನು ವಿಚಾರಿಸಿದೆವು. ನಮ್ಮ ತಂದೆಯವರು ನಿವೃತ್ತ ಶಿಕ್ಷಕರು. ಕಾಗದಪತ್ರ ನೋಡದೆ ಒಂದು ರೂಪಾಯಿಯನ್ನೂ ಕೈಬಿಡುವವರಲ್ಲ. ಈ ವಿಭಾಗಕ್ಕೆ ಮಾನ್ಯತೆ ಇದೆಯೇ ಎಂದು ಅವರು ನೇರವಾಗಿಯೇ ಕೇಳಿದರು. ಪ್ರವೇಶ ವಿಭಾಗದಲ್ಲಿದ್ದವರು ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ್ದ ಎರಡು ಪತ್ರಗಳತ್ತ ಕೈ ತೋರಿಸಿ, "ನೋಡಿ ಸರ್, ನಮ್ಮದು ನ್ಯಾಕ್ ಎ ಪ್ಲಸ್ ಕಾಲೇಜು, ಎನ್‌ಬಿಎ ಕೂಡ ಆಗಿದೆ, ನೀವು ಯೋಚನೆ ಮಾಡೋ ಹಾಗೇ ಇಲ್ಲ" ಎಂದರು. ನ್ಯಾಕ್, ಎನ್‌ಬಿಎ ಎಂದರೆ ಶಿಕ್ಷಣದ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎರಡು ರಾಷ್ಟ್ರೀಯ ಸಂಸ್ಥೆಗಳು. ತಂದೆಯವರು ಪ್ರತಿ ಕೇಳಿದ್ದಕ್ಕೆ ಎನ್‌ಬಿಎ ಪತ್ರದ ಮೊದಲ ಪುಟದ ಜೆರಾಕ್ಸ್ ಅನ್ನೂ ಕೊಟ್ಟರು.

ಆ ಪತ್ರಕ್ಕೆ ಎರಡನೆಯ ಪುಟವೊಂದಿತ್ತು. ಯಾವ ವಿಭಾಗಕ್ಕೆ, ಯಾವ ಶೈಕ್ಷಣಿಕ ವರ್ಷದಿಂದ ಯಾವ ವರ್ಷದವರೆಗೆ ಮಾನ್ಯತೆ ಎಂಬ ಪಟ್ಟಿ ಇರುವುದು ಆ ಪುಟದಲ್ಲಿ. ನನ್ನ ತಮ್ಮ ಎರಡನೆಯ ವರ್ಷದಲ್ಲಿದ್ದಾಗ ನಾವು ಎನ್‌ಬಿಎ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿ ಹುಡುಕಿದೆವು. ಅಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸ್ ಎಂಬ ಮೂರು ವಿಭಾಗಗಳು ಮಾತ್ರ ಇದ್ದವು, ಅವುಗಳ ಅವಧಿಯೂ 30-06-2021ಕ್ಕೆ ಮುಗಿದಿತ್ತು. ಅಂದರೆ ನಾವು ಹಣ ಕಟ್ಟಿದ ದಿನ ಗೋಡೆಯ ಮೇಲಿದ್ದ ಆ ಪತ್ರ ಯಾವ ವಿಭಾಗಕ್ಕೂ ಅನ್ವಯಿಸುತ್ತಿರಲಿಲ್ಲ. ತಮ್ಮನ ವಿಭಾಗಕ್ಕಂತೂ ಮಾನ್ಯತೆ ಸಿಗುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಕನಿಷ್ಠ ಎರಡು ಬ್ಯಾಚ್‌ಗಳು ಪದವಿ ಪಡೆದು ಹೊರಬಂದಿರದ ಕೋರ್ಸನ್ನು ಎನ್‌ಬಿಎ ಪರಿಗಣಿಸುವುದಿಲ್ಲ. ನಾಲ್ಕು ವರ್ಷದ ಕೋರ್ಸೊಂದು ಎರಡು ಬ್ಯಾಚ್‌ಗಳನ್ನು ಮುಗಿಸಲು ಕನಿಷ್ಠ ಐದು ವರ್ಷ ಬೇಕು. ಆ ವಿಭಾಗ ಆರಂಭವಾಗಿ ಆಗ ಒಂದೇ ವರ್ಷವಾಗಿತ್ತು. ಇದು ಪ್ರವೇಶ ವಿಭಾಗದವರಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಇಲ್ಲಿ ಹಲವು ಸಂಸ್ಥೆಗಳ ಹೆಸರು ಕಲಸಿಹೋಗುತ್ತವೆ, ಆ ಗೊಂದಲವೇ ಕಾಲೇಜಿನವರಿಗೆ ಅನುಕೂಲವಾಗುತ್ತದೆ. ತಾಂತ್ರಿಕ ಕೋರ್ಸನ್ನು ನಡೆಸಲು ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಅನುಮೋದನೆ ಬೇಕು. ಅದು ಯಾವ ಕೋರ್ಸಿಗೆ ಎಷ್ಟು ಸೀಟು ಎಂದು ನಮೂದಿಸುತ್ತದೆ. ಪರೀಕ್ಷೆ ನಡೆಸಿ ಪದವಿ ಕೊಡುವುದಕ್ಕೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಂಥ ವಿಶ್ವವಿದ್ಯಾಲಯದ ಸಂಯೋಜನೆ (ಅಫಿಲಿಯೇಷನ್) ಬೇಕು. ಇವೆರಡೂ ಇದ್ದರೆ ಪದವಿ ಸಿಂಧುವಾಗುತ್ತದೆ, ಆದರೆ ಪಾಠ ಚೆನ್ನಾಗಿದೆ ಎಂದು ಅವು ಹೇಳುವುದಿಲ್ಲ. ಗುಣಮಟ್ಟವನ್ನು ಅಳೆಯುವುದು ನ್ಯಾಕ್ ಮತ್ತು ಎನ್‌ಬಿಎ. ಎರಡೂ 1994ರಲ್ಲಿ ಹುಟ್ಟಿದವು. ಬೆಂಗಳೂರಿನ ನಾಗರಭಾವಿಯಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಇಡೀ ಸಂಸ್ಥೆಯನ್ನು ಏಳು ಮಾನದಂಡಗಳ ಮೇಲೆ ನೋಡಿ, 4 ಅಂಕಗಳ ಮಾಪನದಲ್ಲಿ 3.26ರಿಂದ 3.50ರವರೆಗೆ ಬಂದರೆ ಎ ಪ್ಲಸ್ ಎಂದು ಕೊಡುತ್ತಿತ್ತು. ಗ್ರಂಥಾಲಯ, ಆಡಳಿತ, ಸಂಶೋಧನೆ, ಕಟ್ಟಡ ಎಲ್ಲವೂ ಸೇರಿ ಬರುವ ಆ ಒಂದು ಗ್ರೇಡು ನಿನ್ನೆ ಮೊನ್ನೆ ತೆರೆದ ವಿಭಾಗವೊಂದರ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಎನ್‌ಬಿಎ ಮಾತ್ರ ಒಂದೊಂದು ಕೋರ್ಸನ್ನೂ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. ಕಂಪ್ಯೂಟರ್ ಸೈನ್ಸ್‌ಗೆ ಸಿಕ್ಕ ಮಾನ್ಯತೆ, ಅದೇ ಮಹಡಿಯಲ್ಲಿ ಅದೇ ಅಧ್ಯಾಪಕರು ಪಾಠ ಮಾಡಿದರೂ, ಡೇಟಾ ಸೈನ್ಸ್ ವಿಭಾಗಕ್ಕೆ ಅನ್ವಯಿಸುವುದಿಲ್ಲ.

ಮಾನ್ಯತೆ ಇಲ್ಲದಿದ್ದರೂ ಪಾಠ ಸರಿಯಾಗಿ ನಡೆದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಎಐಸಿಟಿಇ ನಿಯಮದ ಪ್ರಕಾರ ಎಂಜಿನಿಯರಿಂಗ್ ಪದವಿ ತರಗತಿಗಳಲ್ಲಿ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿರಬೇಕು. ಕಾಲೇಜಿನ ಜಾಲತಾಣದಲ್ಲಿ ತಮ್ಮನ ವಿಭಾಗದ ಅಧ್ಯಾಪಕರ ಪಟ್ಟಿ ಉದ್ದವಾಗಿಯೇ ಇತ್ತು, ಆದರೆ ಅದರಲ್ಲಿದ್ದ ಹಲವರ ಮುಖವನ್ನು ವಿದ್ಯಾರ್ಥಿಗಳು ಒಮ್ಮೆಯೂ ನೋಡಿರಲಿಲ್ಲ. ಆಗಷ್ಟೇ ಎಂ.ಟೆಕ್ ಮುಗಿಸಿ ಬಂದಿದ್ದ ಒಬ್ಬ ಮೇಡಂ ಮಾತ್ರ ಪ್ರಾಮಾಣಿಕವಾಗಿ ದುಡಿದರು. ಸಂಬಳ ತಿಂಗಳುಗಟ್ಟಲೆ ನಿಂತಾಗ ಅವರೂ ಬಿಟ್ಟುಹೋದರು, ಅವರು ಕಲಿಸುತ್ತಿದ್ದ ವಿಷಯದ ಉಳಿದ ಘಟಕಗಳನ್ನು ಹುಡುಗರು ಯೂಟ್ಯೂಬ್ ನೋಡಿ ಮುಗಿಸಿಕೊಂಡರು.

ಮೂರನೆಯ ವರ್ಷದಲ್ಲಿ ನ್ಯಾಕ್ ತಂಡ ಬರುವುದೆಂದು ಗೊತ್ತಾದಾಗ ನಡೆದದ್ದನ್ನು ತಮ್ಮ ಆಗಾಗ ಫೋನಿನಲ್ಲಿ ಹೇಳುತ್ತಿದ್ದ. ಬೇರೆ ವಿಭಾಗದ ಲ್ಯಾಬಿನಿಂದ ಕಂಪ್ಯೂಟರುಗಳನ್ನು ಹೊತ್ತು ತಂದು, ಅವುಗಳ ಮೇಲಿದ್ದ ಹಳೆಯ ವಿಭಾಗದ ಹೆಸರಿನ ಸ್ಟಿಕ್ಕರಿನ ಮೇಲೆಯೇ ಹೊಸ ಸ್ಟಿಕ್ಕರ್ ಅಂಟಿಸಿದರು. ಕೆಲವು ಕಡೆ ಅಂಚಿನಲ್ಲಿ ಹಳೆಯ ಅಕ್ಷರಗಳು ಕಾಣುತ್ತಲೇ ಇದ್ದವು. ಸೆಮಿಸ್ಟರ್ ಮುಗಿದಾಗ ತುಂಬಬೇಕಾದ ಕೋರ್ಸ್ ಮುಕ್ತಾಯದ ಅಭಿಪ್ರಾಯ ಪತ್ರಗಳನ್ನು, ಹಿಂದಿನ ಸೆಮಿಸ್ಟರುಗಳ ದಿನಾಂಕ ಹಾಕಿ, ಒಂದೇ ಮಧ್ಯಾಹ್ನ ತುಂಬಿಸಿಕೊಂಡರು. ಪ್ರತಿ ವಿಷಯದಲ್ಲಿ ವಿದ್ಯಾರ್ಥಿ ಏನನ್ನು ಕಲಿತಿರಬೇಕು, ಎಷ್ಟು ಕಲಿತಿದ್ದಾನೆ ಎಂದು ಲೆಕ್ಕ ಹಾಕುವ ಸಿಒ–ಪಿಒ ಪಟ್ಟಿಗಳನ್ನು, ಆ ವಿಷಯ ಪಾಠ ಮಾಡದಿದ್ದ ಅಧ್ಯಾಪಕರು ರಾತ್ರಿ ಕುಳಿತು ಎಕ್ಸೆಲ್‌ನಲ್ಲಿ ತುಂಬಿದರು.

ನ್ಯಾಕ್ ವಿದ್ಯಾರ್ಥಿಗಳ ಇಮೇಲಿಗೆ ನೇರವಾಗಿ ಕಳುಹಿಸುವ ಸಮೀಕ್ಷೆಯೊಂದಿದೆ. ಕಾಲೇಜನ್ನು ದಾಟಿ ವಿದ್ಯಾರ್ಥಿಯ ಮಾತು ಕೇಳಿಸಿಕೊಳ್ಳಲಿಕ್ಕೆಂದೇ ಇರುವ ದಾರಿ ಅದು. ತಮ್ಮನ ಕಾಲೇಜಿನಲ್ಲಿ ಲಿಂಕ್ ಬಂದವರನ್ನೆಲ್ಲ ಲ್ಯಾಬಿಗೆ ಕರೆದು, ಪಕ್ಕದಲ್ಲಿ ಒಬ್ಬರು ನಿಂತು ತುಂಬಿಸಿದರು. ಬೋಧನೆ ಸುಧಾರಿಸಲು ಮೂರು ಸಲಹೆ ಬರೆಯಿರಿ ಎಂದು ಅದರ ಕೊನೆಯಲ್ಲಿ ಕೇಳಲಾಗುತ್ತದೆ. "ಅಕ್ಕಾ, ಅದಕ್ಕೂ ಬೋರ್ಡ್ ಮೇಲೆ ಉತ್ತರ ಬರೆದಿದ್ರು, ಎಲ್ಲರೂ ಅದನ್ನೇ ಸ್ವಲ್ಪ ಬದಲಾಯಿಸಿ ಬರೀರಿ ಅಂದ್ರು" ಎಂದು ತಮ್ಮ ಹೇಳಿದಾಗ ನನಗೆ ಆದ ನೋವು, ಕಟ್ಟಿದ ಶುಲ್ಕಕ್ಕಾಗಿ ಆದದ್ದಕ್ಕಿಂತ ಹೆಚ್ಚಿನದು. ಹುಡುಗರು ತಮ್ಮ ಕಷ್ಟ ಹೇಳಿಕೊಳ್ಳಬಹುದಾಗಿದ್ದ ಒಂದೇ ಜಾಗವನ್ನೂ ಅವರಿಂದ ಕಿತ್ತುಕೊಂಡಿದ್ದರು.

ಮಾನ್ಯತಾ ವ್ಯವಸ್ಥೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಾಗದದ ಮೇಲೆ ಇರುವಂತೆಯೇ ಅದು ನಡೆದರೆ ಸಣ್ಣ ಊರುಗಳಿಂದ ಬರುವ, ವಿಚಾರಿಸಲು ಪರಿಚಯದವರಿಲ್ಲದ ನಮ್ಮಂಥ ಕುಟುಂಬಗಳಿಗೆ ಅದಕ್ಕಿಂತ ದೊಡ್ಡ ಆಸರೆ ಬೇರಿಲ್ಲ. ಆದರೆ ಅದರ ನಡವಳಿಕೆಯ ಬಗ್ಗೆ ಸಂದೇಹ ನಮ್ಮೊಬ್ಬರದೇ ಅಲ್ಲ. 2025ರ ಫೆಬ್ರುವರಿಯಲ್ಲಿ, ಆಂಧ್ರಪ್ರದೇಶದ ಒಂದು ಶಿಕ್ಷಣ ಸಂಸ್ಥೆಗೆ ಒಳ್ಳೆಯ ಗ್ರೇಡ್ ನೀಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಅಧ್ಯಕ್ಷರೂ ಸೇರಿದಂತೆ ಹಲವರನ್ನು ಸಿಬಿಐ ಬಂಧಿಸಿತು. ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿಯ ಶಿಫಾರಸಿನಂತೆ ಗ್ರೇಡುಗಳನ್ನು ಕೈಬಿಟ್ಟು, ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಪದ್ಧತಿಗೆ ಹೋಗುವುದಾಗಿ 2024ರಲ್ಲಿ ನ್ಯಾಕ್ ಪ್ರಕಟಿಸಿತ್ತು. ಪದ್ಧತಿ ಯಾವುದೇ ಬರಲಿ, ಅದು ಇಡೀ ಸಂಸ್ಥೆಗೆ ಸಂಬಂಧಿಸಿದ್ದು ಎಂಬುದನ್ನು ನೀವು ಮರೆಯಬಾರದು.

ಮಾನ್ಯತೆ ಇಲ್ಲದಿದ್ದರೆ ಏನಾಗುತ್ತದೆ, ಪದವಿ ಸಿಕ್ಕೇ ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ತಮ್ಮನಿಗೂ 2025ರಲ್ಲಿ ಪದವಿ ಸಿಕ್ಕಿದೆ, ಅದು ಸಿಂಧುವೂ ಹೌದು. ತೊಂದರೆ ಎದುರಾಗುವುದು ಮುಂದೆ. ಕುವೈತ್‌ನಲ್ಲಿ ಕೆಲಸ ಮಾಡುವ ಎಂಜಿನಿಯರುಗಳ ವಾಸ ಪರವಾನಗಿಯ ನವೀಕರಣಕ್ಕೆ ಅಲ್ಲಿನ ಎಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರ ಬೇಕೆಂದು 2018ರಲ್ಲಿ ಕಡ್ಡಾಯ ಮಾಡಿದರು. ಭಾರತದಲ್ಲಿ ಓದಿದವರ ವಿಷಯದಲ್ಲಿ ಆ ಸಂಘ ಎನ್‌ಬಿಎ ಮಾನ್ಯತೆಯನ್ನು ನೋಡತೊಡಗಿದ ಮೇಲೆ, ವರ್ಷಗಟ್ಟಲೆ ಅಲ್ಲೇ ದುಡಿದಿದ್ದ ಅನೇಕ ಭಾರತೀಯರು ಇಕ್ಕಟ್ಟಿಗೆ ಸಿಕ್ಕಿದರು. ಮನೆಯವರೊಬ್ಬರು ಕೊಲ್ಲಿ ರಾಷ್ಟ್ರಗಳಲ್ಲಿರುವ ಮಂಗಳೂರು–ಉಡುಪಿ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತದ ಪರವಾಗಿ ಎನ್‌ಬಿಎ 2014ರ ಜೂನ್‌ನಲ್ಲಿ ಕಾಯಂ ಸದಸ್ಯತ್ವ ಪಡೆಯಿತು. ಅದರ ಪ್ರಯೋಜನ ಎನ್‌ಬಿಎ ಮಾನ್ಯತೆ ಇರುವ ಎಲ್ಲ ಕೋರ್ಸುಗಳಿಗೂ ಇಲ್ಲ, ಟಯರ್–1 ಎಂದು ಮಾನ್ಯತೆ ಪಡೆದವಕ್ಕೆ ಮಾತ್ರ. ಮಾನ್ಯತಾ ಪತ್ರದ ಪಟ್ಟಿಯಲ್ಲಿ ಟಯರ್–1 ಅಥವಾ ಟಯರ್–2 ಎಂದು ಬರೆದಿರುತ್ತದೆ. ಹೊರದೇಶದ ಯೋಚನೆಯಿರುವವರು ಅದನ್ನು ಓದಲೇಬೇಕು.

ವರ್ಷದ ವಿಷಯವನ್ನು ಇನ್ನೊಮ್ಮೆ ಹೇಳುತ್ತೇನೆ. ಯಾವ ಮಾನ್ಯತೆಯೂ ಶಾಶ್ವತವಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಸರ್ಕಾರಿ ಸಂಸ್ಥೆಗೇ 2012–13ರ ನಂತರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮನ್ನಣೆ ಮುಂದುವರಿಯದೆ, 2018ರಲ್ಲಿ ಅದು ಮರಳುವವರೆಗೆ, ನಡುವೆ ಸೇರಿದ್ದ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು. ಹಾಗಾಗಿ ಎಐಸಿಟಿಇ ಕೊಡುವ ಅನುಮೋದನೆ ವಿಸ್ತರಣಾ ಪತ್ರವನ್ನು, ಅಂದರೆ ಇಒಎಯನ್ನು, ಈ ವರ್ಷಕ್ಕೆ ಅನ್ವಯಿಸುವುದನ್ನೇ ಕೇಳಿ ನೋಡಿ. ನಿಮ್ಮ ವಿಭಾಗದ ಹೆಸರು ಮತ್ತು ಸೀಟುಗಳ ಸಂಖ್ಯೆ ಅದರಲ್ಲಿರಬೇಕು. 2024–25ರಿಂದ ಬಿಸಿಎ ಮತ್ತು ಬಿಬಿಎ ಕೋರ್ಸುಗಳೂ ಎಐಸಿಟಿಇ ವ್ಯಾಪ್ತಿಗೆ ಬಂದಿರುವುದರಿಂದ ಪದವಿ ಕಾಲೇಜುಗಳಲ್ಲಿಯೂ ಈ ಪತ್ರವನ್ನು ಕೇಳಬೇಕು. ವಿಟಿಯು ಸಂಯೋಜಿತ ಕಾಲೇಜುಗಳ ಪಟ್ಟಿ ಅದರ ಜಾಲತಾಣದಲ್ಲಿದೆ. ಖಾಸಗಿ ವಿಶ್ವವಿದ್ಯಾಲಯವಾದರೆ ಯುಜಿಸಿ ಪಟ್ಟಿಯಲ್ಲಿ, ಆನ್‌ಲೈನ್ ಅಥವಾ ದೂರಶಿಕ್ಷಣದ ಪದವಿಯಾದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ, ಆಯಾ ವರ್ಷಕ್ಕೆ ಆಯಾ ಕೋರ್ಸಿನ ಹೆಸರಿದೆಯೇ ಎಂದು ಹುಡುಕಿ. ಕಾಲೇಜಿನವರು ಕಳುಹಿಸುವ ಲಿಂಕನ್ನು ಒತ್ತಬೇಡಿ, ಆ ಸಂಸ್ಥೆಗಳ ಜಾಲತಾಣಗಳನ್ನು ನೀವೇ ತೆರೆಯಿರಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಮತ್ತು ಪತ್ರಿಕೆಗಳು ಪ್ರಕಟಿಸುವ ರ‍್ಯಾಂಕಿಂಗ್‌ಗಳು ಬೇರೆಯೇ ಸಂಗತಿ, ಅವು ಮಾನ್ಯತೆಯಲ್ಲ.

ಜಾಲತಾಣದಲ್ಲಿ ಕಾಣದ್ದನ್ನು ಈಗ ಓದುತ್ತಿರುವ ವಿದ್ಯಾರ್ಥಿಗಳನ್ನು ಕೇಳಿ ತಿಳಿಯಬೇಕು. ಪ್ರವೇಶ ವಿಭಾಗದವರು ಕರೆತಂದು ಪರಿಚಯಿಸುವ ವಿದ್ಯಾರ್ಥಿಗಳನ್ನಲ್ಲ, ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ನಿಂತಿರುವ, ನಿಮ್ಮದೇ ವಿಭಾಗದ ಎರಡನೆಯ ಅಥವಾ ಮೂರನೆಯ ವರ್ಷದವರನ್ನು ಮಾತಾಡಿಸಿ. ಕಳೆದ ಸೆಮಿಸ್ಟರಿನಲ್ಲಿ ಯಾವ ವಿಷಯವನ್ನು ಯಾರು ಪಾಠ ಮಾಡಿದರು, ನಡುವೆ ಎಷ್ಟು ಜನ ಬಿಟ್ಟುಹೋದರು ಎಂದು ಕೇಳಿ. ಜಾಲತಾಣದ ಅಧ್ಯಾಪಕರ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದರೆ ಯಾರು ಇದ್ದಾರೆ, ಯಾರು ಇಲ್ಲ ಎಂದು ಅವರೇ ಹೇಳುತ್ತಾರೆ.

ಈಗಾಗಲೇ ಸೇರಿ ಸಿಕ್ಕಿಹಾಕಿಕೊಂಡವರಿಗೂ ಒಂದು ಮಾತು. ನನ್ನ ತಮ್ಮ ಎರಡನೆಯ ವರ್ಷದಲ್ಲಿ ಕಾಲೇಜು ಬದಲಿಸಲು ನಿರಾಕ್ಷೇಪಣಾ ಪತ್ರ ಕೇಳಿದಾಗ, ಉಳಿದ ವರ್ಷಗಳ ಶುಲ್ಕವನ್ನೆಲ್ಲ ಕಟ್ಟಿದರೆ ಮಾತ್ರ ಪತ್ರವನ್ನೂ ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನೂ ಕೊಡುವುದಾಗಿ ಹೇಳಿದರು. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿಯೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿಯನ್ನು ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಬರೆದ ಮೇಲೆ ಅಂಕಪಟ್ಟಿಗಳನ್ನು ಹಿಂತಿರುಗಿಸಿದರು, ಆದರೆ ಅಷ್ಟರಲ್ಲಿ ಬದಲಾವಣೆಯ ಅವಧಿ ಮುಗಿದಿತ್ತು. ಪ್ರವೇಶದ ದಿನ ಮೂಲ ದಾಖಲೆಗಳನ್ನು ತೋರಿಸಿ, ಜೆರಾಕ್ಸ್ ಮಾತ್ರ ಕೊಟ್ಟು ಬನ್ನಿ.

ಪ್ರವೇಶದ ವೇಳೆ ದಾರಿತಪ್ಪಿಸಿದ್ದರ ಬಗ್ಗೆ ನಾವು ಕೊಟ್ಟ ದೂರಿಗೆ, ಈ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದೆ ಎಂದು ತಾವು ಲಿಖಿತವಾಗಿ ಎಲ್ಲಿಯೂ ಹೇಳಿಲ್ಲ ಎಂಬ ಉತ್ತರ ಕಾಲೇಜಿನಿಂದ ಬಂತು. ಪ್ರಾಸ್ಪೆಕ್ಟಸ್ಸನ್ನು ತೆರೆದು ನೋಡಿದರೆ ಅದು ನಿಜವೇ ಆಗಿತ್ತು: ಮುಖಪುಟದಲ್ಲಿ ಕಾಲೇಜಿನ ಹೆಸರಿನ ಕೆಳಗೆ ಎನ್‌ಬಿಎ ಮುದ್ರೆ ಇತ್ತು, ವಿಭಾಗದ ಪುಟದಲ್ಲಿ ಆ ಮಾತೇ ಇರಲಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲು, ನಿಮ್ಮ ಮಗ ಅಥವಾ ಮಗಳು ಸೇರುವ ಕೋರ್ಸಿನ ಪೂರ್ಣ ಹೆಸರು, ಮಾನ್ಯತೆ ಇದೆಯೇ ಇಲ್ಲವೇ, ಇದ್ದರೆ ಯಾವ ದಿನಾಂಕದವರೆಗೆ ಎಂಬುದನ್ನು ಕಾಲೇಜಿನ ಲೆಟರ್‌ಹೆಡ್ ಮೇಲೆ ಪ್ರಾಂಶುಪಾಲರ ಸಹಿ, ಮೊಹರಿನೊಂದಿಗೆ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಭರವಸೆ ಕೊಟ್ಟು, ಬರೆದುಕೊಡಲು ಹಿಂಜರಿಯುವ ಕಾಲೇಜಿಗೆ ಮುಂಗಡವನ್ನೂ ಕೊಡಬೇಡಿ.