ಅವಸರವಿಲ್ಲದೆ ಮಲಯಾಳ: ಆಂಕಿಡ್ರಾಯ್ಡ್ ಜೊತೆ ಏಳು ತಿಂಗಳು

ಪುತ್ತೂರಿನಿಂದ ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಬಂದ ಮೇಲೆ ಮನೆಯಲ್ಲಾಗಲಿ ಪೇಟೆಯಲ್ಲಾಗಲಿ ನನಗೆ ಭಾಷೆಯ ತೊಡಕು ಬರಲಿಲ್ಲ; ಕನ್ನಡ, ತುಳು ಸಾಕಾಗುತ್ತಿದ್ದವು. ತೊಡಕು ಎದುರಾದದ್ದು ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ, ಮಲಯಾಳದ ಅರ್ಜಿ ನಮೂನೆಯ ಮುಂದೆ. ಅಕ್ಷರ ಕಲಿತು ಕೂಡಿಸಿ ಓದುವಷ್ಟಾದಾಗ ಇನ್ನೊಂದು ಪೇಚು: ಪದ ಪರಿಚಿತವೇ, ಅರ್ಥ ಮಾತ್ರ ಬೇರೆ. ಅಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ, ‘ಅವಸರಂ’ ಎಂದರೆ ಅವಕಾಶ, ‘ಉಪನ್ಯಾಸಂ’ ಎಂದರೆ ಪ್ರಬಂಧ, ‘ಸಂಸಾರಂ’ ಎಂದರೆ ಮಾತು. ಇಂಥ ಪದಗಳಿಗಾಗಿಯೇ ಏಳು ತಿಂಗಳಿಂದ ಆಂಕಿಡ್ರಾಯ್ಡ್ ಎಂಬ, ಪ್ರಶ್ನೋತ್ತರದ ಕಾರ್ಡುಗಳಿಂದ ನೆನಪು ಗಟ್ಟಿ ಮಾಡಿಸುವ ಆ್ಯಪ್ ಬಳಸುತ್ತಿದ್ದೇನೆ.

ಆಂಡ್ರಾಯ್ಡ್ ಫೋನಿಗೆ ಇದು ಉಚಿತ, ಜಾಹೀರಾತಿನ ಕಾಟವಿಲ್ಲ. ಇದೇ ಬಗೆಯ ಐಫೋನಿನ ಆಂಕಿ ಆ್ಯಪ್‌ಗೆ ಮಾತ್ರ ಹಣ ಕೊಡಬೇಕು. ಕಾರ್ಡಿನ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡು, ತಿರುಗಿಸಿ ನೋಡಿ, ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಿದರೆ ಆ ಕಾರ್ಡು ಮತ್ತೆ ಯಾವಾಗ ಬರಬೇಕೆಂದು ಆ್ಯಪ್ ಲೆಕ್ಕ ಹಾಕುತ್ತದೆ. ನೆನಪಿದ್ದ ಪದ ದಿನ, ವಾರ, ತಿಂಗಳು ಎಂದು ದೂರ ಸರಿಯುತ್ತದೆ. ಮರೆತದ್ದು ಅಂದೇ ಮರಳುತ್ತದೆ. ಮರೆವಿನ ವೇಗವನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ ಅಳೆದು 1885ರಲ್ಲಿ ಪ್ರಕಟಿಸಿದ್ದರು. ಈ ಏರ್ಪಾಡಿನ ಬೇರು ಅಲ್ಲಿದೆ.

ಮೊದಲು ನಾನು ನೋಟುಪುಸ್ತಕದಲ್ಲಿ ಪಟ್ಟಿ ಬರೆದು ರಾತ್ರಿ ಮೂರು ಮೂರು ಸಲ ಓದುತ್ತಿದ್ದೆ. ಮಲಗುವಾಗ ಎಲ್ಲವೂ ಬಂದಂತಿರುತ್ತಿತ್ತು, ವಾರ ಕಳೆದು ಕೌಂಟರಿನ ಮುಂದೆ ನಿಂತರೆ ಒಂದೂ ಬಾಯಿಗೆ ಬರುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ: ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ, ಒಂದು ಅವಧಿ ಓದಿ ಮೂರು ಅವಧಿ ನೆನಪಿನಿಂದ ಬರೆದವರಿಗೆ ಶೇಕಡಾ 61ರಷ್ಟು ನೆನಪಿತ್ತು, ನಾಲ್ಕೂ ಅವಧಿ ಓದಿದವರಿಗೆ ಶೇಕಡಾ 40. ಓದಿನ ಸಲೀಸನ್ನೇ ಕಲಿಕೆಯೆಂದು ನಂಬಿ ನಾನು ಎಷ್ಟು ರಾತ್ರಿ ಕಳೆದೆನೋ!

ಆದರೆ ಆ್ಯಪ್ ಹೊಸಬರಿಗೆ ಕೈಹಿಡಿದು ಏನನ್ನೂ ಹೇಳಿಕೊಡುವುದಿಲ್ಲ. ಮರೆತಾಗಲೂ ನಾನು ‘ಕಷ್ಟ’ ಎಂಬರ್ಥದ ಗುಂಡಿಯನ್ನೇ ಒತ್ತುತ್ತಿದ್ದೆ. ಅದು ‘ಕಷ್ಟಪಟ್ಟಾದರೂ ನೆನಪಾಯಿತು’ ಎಂಬ ಲೆಕ್ಕಕ್ಕೆ ಹೋಗುತ್ತದೆ, ಮರೆತರೆ ಒತ್ತಬೇಕಾದದ್ದು ಮೊದಲ ಗುಂಡಿ ಎಂದು ತಿಳಿಯುವಷ್ಟರಲ್ಲಿ ಎರಡು ತಿಂಗಳ ಲೆಕ್ಕ ಕೆಟ್ಟಿತ್ತು. ದಿನಕ್ಕೆ 20 ಹೊಸ ಕಾರ್ಡು ಎಂಬ ಮೂಲ ಹೊಂದಾಣಿಕೆಯೂ ಮನೆಗೆಲಸದ ನಡುವೆ ನನಗೆ ಹೆಚ್ಚಾಯಿತು. ನಾಲ್ಕು ದಿನ ತವರಿಗೆ ಹೋಗಿ ಬಂದರೆ ಬಾಕಿ ಬೆಟ್ಟದಷ್ಟಾಗಿರುತ್ತಿತ್ತು. ಈಗ ಎಂಟಕ್ಕೆ ಇಳಿಸಿದ್ದೇನೆ.

ನನಗೆ ಬೇಕಾದ ಕಾರ್ಡನ್ನು ನಾನೇ ಬರೆಯಬೇಕಾದುದನ್ನು ಕೆಲವರು ಕೊರತೆ ಎನ್ನಬಹುದು, ನನಗೆ ಅದೇ ಅನುಕೂಲ. ‘ಅಪೇಕ್ಷ = ಅರ್ಜಿ’ ಎಂದಷ್ಟೇ ಬರೆದಾಗ ಕನ್ನಡದ ಅರ್ಥವೇ ಮುಂದೆ ಬಂದು ಅಡ್ಡ ನಿಲ್ಲುತ್ತಿತ್ತು; ‘ಪಂಚಾಯತಿಗೆ ಅಪೇಕ್ಷ ಕೊಟ್ಟೆ’ ಎಂದು ವಾಕ್ಯದೊಳಗೆ ಕೂರಿಸಿದ ಮೇಲೆ ತಪ್ಪಿಲ್ಲ. ಉಚ್ಚಾರಕ್ಕೆ ನೆರೆಮನೆಯ ಅಕ್ಕನ ದನಿಯನ್ನೇ ರೆಕಾರ್ಡ್ ಮಾಡಿ ಸೇರಿಸಿದ್ದೇನೆ. ನೆಟ್‌ವರ್ಕ್ ಇಲ್ಲದೆಯೂ ನಡೆಯುವುದರಿಂದ ಆಟಿ ತಿಂಗಳ ಮಳೆಗೂ ಅಭ್ಯಾಸ ತಪ್ಪಲಿಲ್ಲ. ಮಾತಿಗೆ ಮಾತು ಕೊಡುವುದನ್ನು ಮಾತ್ರ ಈ ಆ್ಯಪ್ ಕಲಿಸದು; ಅದಕ್ಕೆ ಸಂಜೆ ಆ ಅಕ್ಕನ ಜಗಲಿಗೇ ಹೋಗುತ್ತೇನೆ.